ಸಾಮಾನು ಕೋಣೆಯನ್ನು ವ್ಯಾಯಾಮದ ಕೋಣೆಯಾಗಿಸಿದ ನನ್ನ ಅನುಭವ

ಮನೆಯ ಹಿಂಬದಿಯ ಸಾಮಾನು ಕೋಣೆಯನ್ನು ವ್ಯಾಯಾಮಕ್ಕೂ ಉಸಿರಾಟದ ಅಭ್ಯಾಸಕ್ಕೂ, ಮೆಟ್ಟಿಲ ಕೆಳಗಿನ ಮೂಲೆಯನ್ನು ಓದಿಗೂ ಧ್ಯಾನಕ್ಕೂ ಅಣಿಗೊಳಿಸಿ ಕೆಲವು ವರ್ಷಗಳಾಗಿವೆ. ಇಂಥ ಜಾಗಕ್ಕೆ ಏನೇನು ತಂದಿಡಬೇಕು ಎಂದು ಯೋಚಿಸುವ ಮೊದಲು ತೇವ, ಗಾಳಿ, ಸದ್ದು, ಬೆಳಕು ಈ ನಾಲ್ಕನ್ನು ಸರಿಪಡಿಸಿಕೊಳ್ಳಬೇಕು ಎನ್ನುವುದು ಆ ಕೆಲಸದಲ್ಲಿ ನನಗೆ ಮನದಟ್ಟಾದ ಸಂಗತಿ. ಉಸಿರು ಕಟ್ಟುವ ಕೋಣೆಗೆ ಎಷ್ಟೇ ಚೆಂದದ ದೀಪ, ದಿಂಬುಗಳನ್ನು ತಂದರೂ ಅಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕೋಣೆ ಯಾವುದಕ್ಕೆ ಎಂಬುದನ್ನು ಮೊದಲೇ ನಿರ್ಧರಿಸಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆಯನ್ನು, ಅದರ ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಸೂಚಿಸುತ್ತದೆ. ನಡಿಗೆಯನ್ನು ಹೊರಗೇ ಮಾಡಬಹುದಾದ್ದರಿಂದ ಟ್ರೆಡ್‌ಮಿಲ್ ಬೇಡವೆಂದು ತೀರ್ಮಾನಿಸಿದೆ. ಆ ಒಂದು ತೀರ್ಮಾನದಿಂದಲೇ ಅರ್ಧ ಕೋಣೆ ಉಳಿಯಿತು.

ಅಳತೆಯನ್ನು ನನ್ನ ದೇಹದಿಂದಲೇ ತೆಗೆದುಕೊಂಡೆ. ಸಾಮಾನ್ಯ ಯೋಗ ಮ್ಯಾಟ್ ಸುಮಾರು 6 ಅಡಿ ಉದ್ದ, 2 ಅಡಿ ಅಗಲ ಇರುತ್ತದೆ. ಆದರೆ ಮಲಗಿ ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿದರೆ 8 ಅಡಿ ಉದ್ದ ಬೇಕಾಗುತ್ತದೆ, ಪಕ್ಕಕ್ಕೆ ಚಾಚಿದರೆ ಹೆಚ್ಚುಕಡಿಮೆ ನಮ್ಮ ಎತ್ತರದಷ್ಟೇ ಅಗಲ ಬೇಕಾಗುತ್ತದೆ. ಅಷ್ಟು ನೆಲವನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಆ ಗೆರೆಯೊಳಗೆ ಯಾವ ಸಾಮಾನೂ ಬರಕೂಡದು ಎಂದು ಮನೆಯವರಿಗೆಲ್ಲ ಹೇಳಿದೆ. ಕೈ ಮೇಲೆತ್ತಿದಾಗ ತಾಗುವ ಅಪಾಯವಿದ್ದುದರಿಂದ ಸೀಲಿಂಗ್ ಫ್ಯಾನ್ ತೆಗೆಸಿ ಗೋಡೆಗೆ ಫ್ಯಾನ್ ಹಾಕಿಸಿದೆ.

ಹೆಚ್ಚು ಸಮಯ ಹಿಡಿದದ್ದು ತೇವದ ಕೆಲಸ. ಬಹುಕಾಲ ಮುಚ್ಚಿಟ್ಟ ಕೋಣೆಯ ಒಂದು ಗೋಡೆಯಲ್ಲಿ ಬಣ್ಣ ಎದ್ದು, ಬಿಳಿಯ ಉಪ್ಪು ಕಾಣಿಸಿಕೊಂಡಿತ್ತು. ಪುಟ್ಟಿ ಬಳಿದು ಮೇಲೆ ಬಣ್ಣ ಹಚ್ಚಿದರೆ ಅದು ಮತ್ತೆ ಉದುರುವುದು ಖಂಡಿತ. ತೇವ ಎಲ್ಲಿಂದ ಬರುತ್ತಿದೆ ಎಂಬುದು ಮೊದಲು ತಿಳಿಯಬೇಕು. ಅದಕ್ಕೊಂದು ಸುಲಭ ಪರೀಕ್ಷೆಯಿದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಟೇಪ್‌ನಿಂದ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಬೇಕು. ಹನಿಗಳು ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಮೂಡಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಮೂಡಿದರೆ ಕೋಣೆಯ ಗಾಳಿಯಲ್ಲಿರುವ ತೇವಾಂಶವೇ ತಣ್ಣನೆಯ ಮೇಲ್ಮೈಗೆ ತಾಗಿ ನೀರಾಗುತ್ತಿದೆ. ನಮ್ಮಲ್ಲಿ ಹನಿಗಳು ಒಳಮೈಯಲ್ಲಿ ಮೂಡಿದವು. ಗೋಡೆಯ ಆಚೆಗಿದ್ದ ಸ್ನಾನದ ಮನೆಯ ಪೈಪ್ ಜಿನುಗುತ್ತಿತ್ತು. ಅದನ್ನು ಬದಲಾಯಿಸಿ, ಸಡಿಲವಾದ ಪ್ಲಾಸ್ಟರನ್ನು ಕೆತ್ತಿಸಿ, ಗೋಡೆ ಪೂರ್ತಿ ಒಣಗುವ ತನಕ ವಾರಗಟ್ಟಲೆ ಕಾದು, ಆಮೇಲಷ್ಟೇ ಹೊಸ ಗಾರೆ ಮಾಡಿಸಿದೆ. ಈ ಹಂತದಲ್ಲಿ ಅವಸರ ಮಾಡಬಾರದೆಂದು ಯಾರು ಕೇಳಿದರೂ ಒತ್ತಿ ಹೇಳುತ್ತೇನೆ, ಏಕೆಂದರೆ ಬೂಷ್ಟಿನ ಕಣಗಳಿರುವ ಗಾಳಿಯಲ್ಲಿ ದೀರ್ಘವಾಗಿ ಉಸಿರೆಳೆದುಕೊಳ್ಳುವುದರಿಂದ ಶ್ವಾಸಕೋಶಕ್ಕೆ ಹಾನಿಯೇ ಹೊರತು ಹಿತವಿಲ್ಲ. ಈಗ ತೇವಾಂಶ ಅಳೆಯುವ ಒಂದು ಸಣ್ಣ ಮಾಪಕವನ್ನು ಅಲ್ಲೇ ಇಟ್ಟಿದ್ದೇನೆ. ಸಾಪೇಕ್ಷ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತೇನೆ.

ಗಾಳಿಗೆ ಒಂದು ಕಿಟಕಿ ಸಾಲದು. ಒಳಗೆ ಬಂದ ಗಾಳಿ ಹೊರಗೆ ಹೋಗಲು ಇನ್ನೊಂದು ದಾರಿ ಬೇಕು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 420 ಭಾಗದಷ್ಟಿದ್ದರೆ, ಮುಚ್ಚಿದ ಸಣ್ಣ ಕೋಣೆಯಲ್ಲಿ ಒಬ್ಬರು ವ್ಯಾಯಾಮ ಮಾಡುತ್ತಿರುವಾಗ ಅದು 1,000ವನ್ನು ಬೇಗನೆ ದಾಟುತ್ತದೆ, ಉಸಿರುಗಟ್ಟಿದಂತಾಗುತ್ತದೆ. ಬಿಸಿ ಗಾಳಿ ಮೇಲೇರುವುದರಿಂದ ಕಿಟಕಿಯ ಎದುರಿನ ಗೋಡೆಯಲ್ಲಿ, ಸೂರಿನ ಹತ್ತಿರ, ಒಂದು ವೆಂಟಿಲೇಟರ್ ತೆರೆಸಿದೆ. ಇದೇ ಕಾರಣಕ್ಕೆ ಊದುಬತ್ತಿ, ಮೇಣದಬತ್ತಿಗಳನ್ನು ಅಲ್ಲಿ ಹಚ್ಚುವುದಿಲ್ಲ. ಅವುಗಳ ಪರಿಮಳ ನನಗೂ ಇಷ್ಟವೇ, ಆದರೆ ಅವುಗಳ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕಪಾಟಿಗೂ ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಬಿಟ್ಟು ಲೋಹವನ್ನು ಆರಿಸಿಕೊಂಡೆ. ಅಂಥ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ನಿಧಾನವಾಗಿ ಹೊರಬರುತ್ತಿರುತ್ತದೆ.

ಸದ್ದಿನ ವಿಷಯದಲ್ಲಿ ದಪ್ಪ ಪರದೆಗಳ ಮೇಲೆ ಅತಿಯಾದ ಭರವಸೆ ಬೇಡ. ಅವು ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತವೆ, ಹೊರಗಿನ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಹೊರಗಿನ ಮಾತು ಒಳಗೆ ಕೇಳಿಸುತ್ತಿದ್ದುದು ಮುಖ್ಯವಾಗಿ ಬಾಗಿಲಿನ ಕೆಳಗಿನ ಸಂದಿಯಿಂದ. ಅಲ್ಲಿಗೆ ರಬ್ಬರ್ ಪಟ್ಟಿ ಹಾಕಿಸಿದ ಮೇಲೆ ಬಹಳ ವ್ಯತ್ಯಾಸವಾಯಿತು.

ಮಲಗಿದಾಗ ಕಣ್ಣಿಗೆ ಚುಚ್ಚದಂತೆ ದೀಪಗಳನ್ನು ಗೋಡೆಯ ಕಡೆಗೆ ತಿರುಗಿಸಿದ್ದೇನೆ. ವ್ಯಾಯಾಮದ ವೇಳೆಗೆ, ಬೆಳಕಿನ ಬಣ್ಣದ ಅಳತೆಯಲ್ಲಿ, 4,000 ಕೆಲ್ವಿನ್‌ನ ಬಿಳಿ ಬೆಳಕು, ರಾತ್ರಿಗೆ 2,700 ಕೆಲ್ವಿನ್‌ನ ಮಂದವಾದ ಹಳದಿ ಬೆಳಕು. ಮಲಗುವ ಮುನ್ನ ನೀಲಿ ಅಂಶ ಹೆಚ್ಚಿರುವ ಬೆಳಕು ನಿದ್ದೆಗೆ ನೆರವಾಗುವ ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತದೆ. ನುಣುಪಾದ ಟೈಲ್ಸ್ ಮೇಲೆ ಜಾರದ ಮ್ಯಾಟ್ ಹಾಸಿದ್ದೇನೆ. ಮ್ಯಾಟ್ ದಪ್ಪವಾದಷ್ಟೂ ಒಳ್ಳೆಯದು ಎನ್ನುವುದು ಸರಿಯಲ್ಲ. ಒಂಟಿ ಕಾಲಿನಲ್ಲಿ ನಿಲ್ಲುವಾಗ ಮೆತ್ತನೆಯ ಹಾಸು ಸಮತೋಲನ ಕೆಡಿಸುತ್ತದೆ, ಮಂಡಿಯೂರುವಾಗ ಒಂದು ಮಡಿಸಿದ ಕಂಬಳಿ ಸಾಕು.

ಮೆಟ್ಟಿಲ ಕೆಳಗಿನ ಮೂಲೆಗೆ ಇಷ್ಟೆಲ್ಲ ಕೆಲಸ ಬೇಕಾಗಲಿಲ್ಲ. ನೆಲದ ಮೇಲೆ ಕುಳಿತವರ ಎತ್ತರ ನಿಂತ ಎತ್ತರದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿರುವುದರಿಂದ, 4 ಅಡಿ ಎತ್ತರವಿರುವ ಕಡೆ ಆರಾಮವಾಗಿ ಕೂರಬಹುದು. ಮನೆಯ ಮುಖ್ಯ ಸ್ವಿಚ್‌ಬೋರ್ಡ್ ಅಲ್ಲೇ ಇರುವುದರಿಂದ ಕಪಾಟು, ಕಟ್ಟೆ ಯಾವುದನ್ನೂ ಕಟ್ಟಿಸಲಿಲ್ಲ. ತುರ್ತಿನಲ್ಲಿ ತಕ್ಷಣ ಪಕ್ಕಕ್ಕೆ ಸರಿಸಬಹುದಾದ ಒಂದು ಹಾಸು, ಒಂದು ದಿಂಬು, ಬ್ಯಾಟರಿಯ ಓದುದೀಪ ಇಷ್ಟನ್ನೇ ಇಟ್ಟಿದ್ದೇನೆ.