ಜಪಾನಿ ಸೈನಿಕ ಕತ್ತಿ ಕೊಳ್ಳುವ ಮುಂಚೆ ಹಿಡಿ ಬಿಚ್ಚಿ ನೋಡಿ

1945ರಲ್ಲಿ ಜಪಾನ್ ಶರಣಾದ ಮೇಲೆ ಅದರ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಒಪ್ಪಿಸಬೇಕಾಯಿತು. ಎಷ್ಟೋ ಕತ್ತಿಗಳನ್ನು ಸಮುದ್ರಕ್ಕೆ ಎಸೆದರು, ಎಷ್ಟನ್ನೋ ಕರಗಿಸಿದರು. ಉಳಿದವು ಗೆದ್ದ ಸೈನಿಕರ ಪೆಟ್ಟಿಗೆ ಸೇರಿ ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್‌ಗೆ ಹೋದವು. ಬರ್ಮಾ ರಂಗದಲ್ಲಿ ಜಪಾನಿಯರ ಎದುರು ಕಾದಾಡಿದವರಲ್ಲಿ ಭಾರತೀಯ ಸೈನಿಕರೇ ಜಾಸ್ತಿ. ನಮ್ಮ ಕೊಡಗಿನ ತಿಮ್ಮಯ್ಯನವರು ಅಲ್ಲಿನ ಅರಾಕಾನ್‌ನಲ್ಲಿ ಒಂದು ಬ್ರಿಗೇಡನ್ನೇ ನಡೆಸಿದವರು.

ಆ ಸೈನಿಕರ ಮಕ್ಕಳು, ಮೊಮ್ಮಕ್ಕಳು ಮನೆ ಖಾಲಿ ಮಾಡುವಾಗ ಈಗ ಕತ್ತಿಗಳು ಒಂದೊಂದೇ ಹೊರಬರುತ್ತಿವೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ ಇಂಥವು ಹಳೇ ಸಾಮಾನಿನ ಮಾರಾಟದಲ್ಲಿ ಕಣ್ಣಿಗೆ ಬೀಳುತ್ತವೆ. ಅವುಗಳ ಪಕ್ಕದಲ್ಲೇ ಚೀನಾದಲ್ಲಿ ತಯಾರಾದ ನಕಲಿಗಳೂ ರಾಶಿ ಬಿದ್ದಿರುತ್ತವೆ. ಎರಡನ್ನೂ ಬೇರ್ಪಡಿಸಲು ಕಲಿಯಬಹುದು. ಅದಕ್ಕೆ ದುಡ್ಡಿಗಿಂತ ತಾಳ್ಮೆ ಹೆಚ್ಚು ಬೇಕು.

ಯಾವ ಕಾಲದ್ದು, ಯಾರಿಗೆ ಮಾಡಿದ್ದು?

ಮಾರುವವರು ಎಲ್ಲವನ್ನೂ ‘ಸಮುರಾಯ್ ಕತ್ತಿ’ ಅನ್ನುತ್ತಾರೆ. ಆದರೆ 1876ರಲ್ಲೇ ಜಪಾನ್ ಸರ್ಕಾರ ಜನ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತ್ತು. ಆಮೇಲೆ ಸೈನ್ಯ ಬಳಸಿದ್ದು ಯುರೋಪಿನ ಮಾದರಿಯ, ಬೆರಳು ಕಾಯುವ ಬಿಲ್ಲು ಇರುವ ಸೇಬರ್. ಹಳೇ ಜಪಾನಿ ರೂಪ ಸೈನ್ಯಕ್ಕೆ ವಾಪಸ್ ಬಂದದ್ದು 1934ರಲ್ಲಿ. ಅದೇ ‘94ನೇ ಮಾದರಿ’. ಈ ಅಂಕಿ ಜಪಾನಿನ ಸಾಮ್ರಾಟ ಶಕೆಯದು. ಆ ಲೆಕ್ಕದಲ್ಲಿ 1934 ಅಂದರೆ 2594. 1938ರಲ್ಲಿ ಬಂದದ್ದು 98ನೇ ಮಾದರಿ. ಅಧಿಕಾರಿಗಳ ಕತ್ತಿಗಳಲ್ಲಿ ಇವತ್ತು ಅತಿ ಹೆಚ್ಚು ಸಿಗುವುದು ಇದೇ. 94ರ ಒರೆಯಲ್ಲಿ ತೂಗುಹಾಕಲು ಎರಡು ಬಳೆ, 98ರಲ್ಲಿ ಒಂದೇ. 1937ರ ನೌಕಾದಳದ ಮಾದರಿ ಬೇರೆ: ಒರೆಗೆ ಕಪ್ಪು ಅರಗು ಬಳಿದಿರುತ್ತದೆ, ಇಲ್ಲವೇ ಮೀನಿನ ಚರ್ಮ ಹೊದಿಸಿರುತ್ತದೆ.

ಅಧಿಕಾರಿಗಳು ತಮ್ಮ ಕತ್ತಿಯನ್ನು ತಾವೇ ಕೊಳ್ಳುತ್ತಿದ್ದರು. ಹಾಗಾಗಿ ಒಂದೇ ಮಾದರಿಯ ಹಿಡಿ, ಒರೆಯೊಳಗೆ ಮೂರು ಬಗೆಯ ಅಲಗು ಇರಬಹುದು. ಕಾರ್ಖಾನೆಯ ಉಕ್ಕಿನಿಂದ ಮಾಡಿ ಎಣ್ಣೆಯಲ್ಲಿ ಹದ ಹಾಕಿದ ‘ಶೋವಾತೊ’. ಅದೇ ಕಾಲದಲ್ಲಿ ಸಾಂಪ್ರದಾಯಿಕವಾಗಿ ಮಡಚಿ ಬಡಿದು ನೀರಲ್ಲಿ ಹದ ಹಾಕಿದ ‘ಗೆಂದೈತೊ’. ಇಲ್ಲವೇ ಅಜ್ಜ, ಮುತ್ತಜ್ಜನ ಕಾಲದ ಅಲಗಿಗೆ ಸೈನಿಕ ಹಿಡಿ ಹಾಕಿಸಿದ್ದು. ಹೊರಗಿಂದ ಮೂರೂ ಒಂದೇ ಥರ ಕಾಣುತ್ತವೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಹೊರಗಿನ ಪರೀಕ್ಷೆ

ಕತ್ತಿ ಕೈಗೆ ಬಂದ ತಕ್ಷಣ ಒರೆಯಿಂದ ಎಳೆಯಬೇಡಿ. ಮೊದಲು ಹಿಡಿ ನೋಡಿ. ಅಸಲಿ ಹಿಡಿಯಲ್ಲಿ ಮರದ ಮೇಲೆ ತೊರಕೆ ಮೀನಿನ ಚರ್ಮ, ಅದರ ಮೇಲೆ ಬಿಗಿಯಾಗಿ ಸುತ್ತಿದ ಪಟ್ಟಿ ಇರುತ್ತದೆ. ಪಟ್ಟಿ ಒಂದರ ಮೇಲೊಂದು ಹಾಯುವ ಕಡೆ ಒಂದು ಸಲ ಎಡದ್ದು ಮೇಲೆ ಬಂದರೆ, ಮುಂದಿನ ಸಲ ಬಲದ್ದು ಮೇಲೆ. ನಕಲಿಗಳಲ್ಲಿ ಸಾಮಾನ್ಯವಾಗಿ ಒಂದೇ ಕಡೆಯದು ಮೇಲಿರುತ್ತದೆ. ಸುತ್ತು ಸಡಿಲ, ಕೆಳಗಿನ ಚರ್ಮ ಪ್ಲಾಸ್ಟಿಕ್.

ಹಿತ್ತಾಳೆಯ ಭಾಗಗಳ ಮೇಲೆ ಚೆರ್ರಿ ಹೂವುಗಳಿರುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಅಸಲಿಯಲ್ಲಿ ಎಸಳಿನ ಅಂಚು, ಕೇಸರ ಎಲ್ಲ ಚೊಕ್ಕವಾಗಿ ಎದ್ದು ಕಾಣುತ್ತವೆ. ನಕಲಿ ಎರಕದಲ್ಲಿ ಹೂವು ಸಾಬೂನಿನ ಮೇಲೆ ಒತ್ತಿದ ಅಚ್ಚಿನ ಹಾಗೆ ಮಂಕು. ಹಿಡಿಯ ತುದಿಯಲ್ಲಿ ಕುಚ್ಚು ಉಳಿದಿದ್ದರೆ ಅದರ ಬಣ್ಣವೂ ಮುಖ್ಯ. ಕಂದು ಜೊತೆ ನೀಲಿ ಕಿರಿಯ ಅಧಿಕಾರಿಗಳದ್ದು, ಕಂದು ಜೊತೆ ಕೆಂಪು ಮೇಜರ್, ಕರ್ನಲ್ ಮಟ್ಟದವರದ್ದು. ಚಿನ್ನದ ಬಣ್ಣ ಸೇರಿದ್ದರೆ ಜನರಲ್‌ಗಳದ್ದು. ಕುಚ್ಚನ್ನು ಬದಲಾಯಿಸುವುದು ಸುಲಭ. ಹಾಗಾಗಿ ಅದೊಂದನ್ನೇ ನಂಬಿ ‘ಜನರಲ್ ಕತ್ತಿ’ ಅಂತ ದುಡ್ಡು ಸುರಿಯಬೇಡಿ.

ಹಿಡಿ ಬಿಚ್ಚುವುದು

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಹಿಡಿಯೊಳಗೆ ಹೋಗುವ ಅಲಗಿನ ಭಾಗಕ್ಕೆ ಜಪಾನಿಯಲ್ಲಿ ‘ನಕಾಗೊ’ ಅನ್ನುತ್ತಾರೆ. ಕತ್ತಿಯ ವಯಸ್ಸು, ಊರು, ಕಮ್ಮಾರನ ಹೆಸರು ಎಲ್ಲ ಅಲ್ಲೇ ಇರುವುದು. ಅದನ್ನು ನೋಡದೆ ಬೆಲೆ ಮಾತಾಡಲೇಬಾರದು. ಬಿಚ್ಚಲು ಮಾರುವವರ ಒಪ್ಪಿಗೆ ಬೇಕು. ಒಪ್ಪದಿದ್ದರೆ ನಕಾಗೊದ ಎರಡೂ ಬದಿಯ ಸ್ಪಷ್ಟ ಫೋಟೊ ಕೇಳಿ. ಅದೂ ಇಲ್ಲವೆಂದರೆ ಬಿಟ್ಟುಬಿಡಿ. ಇನ್ನೊಂದು ಸಿಗುತ್ತದೆ.

ಹಿಡಿಯಲ್ಲಿ ಅಡ್ಡಲಾಗಿ ಬಿದಿರಿನ ಮೊಳೆಯೊಂದು ಇರುತ್ತದೆ. ಅದರ ಒಂದು ತುದಿ ಸಣ್ಣ, ಒಂದು ತುದಿ ದಪ್ಪ. ಸಣ್ಣ ತುದಿಗೆ ಹಿತ್ತಾಳೆ ಅಥವಾ ಮರದ ಕಡ್ಡಿ ಇಟ್ಟು ಚಿಕ್ಕ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಹೊರಬರುತ್ತದೆ. ಆಮೇಲೆ ಒರೆ ತೆಗೆದು, ಹರಿತವಾದ ಬಾಯಿ ನಿಮ್ಮಿಂದ ಆಚೆಗಿರುವ ಹಾಗೆ ಕತ್ತಿಯನ್ನು ಸ್ವಲ್ಪ ಓರೆಯಾಗಿ ಮೇಲ್ಮುಖವಾಗಿ ಹಿಡಿಯಿರಿ. ಎಡಗೈ ಹಿಡಿಯ ತುದಿಯಲ್ಲಿರಲಿ. ಬಲ ಮುಷ್ಟಿಯಿಂದ ಎಡ ಮಣಿಕಟ್ಟಿಗೆ ಹಗುರವಾಗಿ ಗುದ್ದಿ. ನಾಲ್ಕಾರು ಗುದ್ದಿಗೆ ಅಲಗು ಸಡಿಲವಾಗಿ ಅಲುಗಾಡುತ್ತದೆ. ದಶಕಗಳಿಂದ ಬಿಚ್ಚದ ಕತ್ತಿ ಜಗ್ಗದೆ ಇರಬಹುದು. ಆಗ ಬಲ ಹಾಕಬೇಡಿ, ಗೊತ್ತಿದ್ದವರಿಗೆ ಕೊಡಿ.

ಅಲಗು ಹೊರಬಂದಾಗ ಕೈ ಕಾಯುವ ಬಿಲ್ಲೆ, ಅದರ ಎರಡೂ ಕಡೆಯ ತೆಳು ವಾಷರ್‌ಗಳು ಒಂದೊಂದಾಗಿ ಕಳಚುತ್ತವೆ. ಕಳಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿ, ಫೋಟೊ ತೆಗೆಯಿರಿ. ಎಷ್ಟೋ ಅಸಲಿ ಕತ್ತಿಗಳಲ್ಲಿ ಈ ವಾಷರ್‌ಗಳ ಮೇಲೂ ಬಿಲ್ಲೆಯ ಮೇಲೂ ಸಣ್ಣದಾಗಿ ಒಂದೇ ಸಂಖ್ಯೆ ಒತ್ತಿರುತ್ತದೆ. ಎಲ್ಲದರಲ್ಲೂ ಅದೇ ಅಂಕಿ ಸಿಕ್ಕರೆ ಭಾಗಗಳು ಮೊದಲಿನಿಂದಲೂ ಒಟ್ಟಿಗೇ ಇದ್ದವು ಅನ್ನಲು ಒಳ್ಳೇ ಆಧಾರ.

ನಕಾಗೊ ಓದುವುದು

ಮೊದಲು ತುಕ್ಕು. 1940ರ ದಶಕದ ನಕಾಗೊ ಮೇಲೆ ತೆಳುವಾದ ಬೂದು-ಕಂದು ತುಕ್ಕು ಇರುತ್ತದೆ, ಅರ ಉಜ್ಜಿದ ಗೆರೆಗಳು ಇನ್ನೂ ಚೂಪಾಗಿರುತ್ತವೆ. ಮುನ್ನೂರು, ನಾನೂರು ವರ್ಷದ್ದಾದರೆ ತುಕ್ಕು ಗಾಢ ಕಪ್ಪುಗಂದು, ನುಣುಪು, ಗೆರೆಗಳು ಸವೆದು ಮಸುಕು. ‘ನಾನೂರು ವರ್ಷ ಹಳೇದು’ ಅಂದ ಕತ್ತಿಯಲ್ಲಿ ಕಿತ್ತಳೆ ಬಣ್ಣದ ಪುಡಿ ತುಕ್ಕು, ಅದರಡಿ ಹೊಸ ಅರದ ಗೆರೆ ಕಂಡರೆ ಯಾರೋ ಆಸಿಡ್ ಹಾಕಿ ಮುದಿ ಮಾಡಿದ್ದಾರೆ ಅಂತಲೇ ಲೆಕ್ಕ.

ಆಮೇಲೆ ಹೆಸರು. ಕಮ್ಮಾರರು ಉಳಿಯಲ್ಲಿ ಕೊರೆದು ಸಹಿ ಹಾಕುತ್ತಿದ್ದರು. ಅಕ್ಷರದ ತೋಡಿನೊಳಗಿನ ತುಕ್ಕೂ ಸುತ್ತಲಿನ ತುಕ್ಕೂ ಒಂದೇ ಬಣ್ಣದ್ದಾಗಿರಬೇಕು. ತೋಡು ಹೊಳೆಯುತ್ತಿದ್ದರೆ ಸಹಿ ಆಮೇಲಿನದ್ದು. ದೊಡ್ಡ ಕಮ್ಮಾರರ ಹೆಸರು ಕದಿಯುವುದು ಜಪಾನಿನಲ್ಲೇ ಶತಮಾನಗಳಿಂದ ನಡೆದು ಬಂದದ್ದು. ಮಾಸಾಮುನೆ ಅಂತ ಬರೆದಿದ್ದರೆ ಖುಷಿಪಡುವ ಮುಂಚೆ ಅನುಮಾನ ಪಡಿ.

ಸಹಿಯ ಹಿಂಬದಿಯಲ್ಲಿ ತಾರೀಕು ಇರಬಹುದು. ಚಕ್ರವರ್ತಿ ಹಿರೊಹಿತೊ ಆಳ್ವಿಕೆಯ ಲೆಕ್ಕದ ಶೋವಾ ವರ್ಷಕ್ಕೆ 1925 ಕೂಡಿಸಿದರೆ ಇಸವಿ ಸಿಗುತ್ತದೆ. ಶೋವಾ 18 ಅಂದರೆ 1943.

ಇನ್ನು ಠಸ್ಸೆಗಳು. ಗಿಫು ಪ್ರಾಂತ್ಯದ ಸೆಕಿ ಪಟ್ಟಣ ಯುದ್ಧಕಾಲದ ಕತ್ತಿಗಳ ದೊಡ್ಡ ಕೇಂದ್ರ. ‘ಸೆಕಿ’ ಅಥವಾ ‘ಶೋ’ ಅಕ್ಷರದ ಸಣ್ಣ ಠಸ್ಸೆ ಕಂಡರೆ ಬಹುಪಾಲು ಅದು ಶೋವಾತೊ. ನಕ್ಷತ್ರದ ಠಸ್ಸೆಯ ಕಥೆ ಬೇರೆ. ಸೈನ್ಯ ಮಾನ್ಯತೆ ಕೊಟ್ಟ ಕಮ್ಮಾರರ ಕೆಲಸಕ್ಕೆ ಅದನ್ನು ಒತ್ತುತ್ತಿದ್ದರು, ಅಂಥವು ಸಾಮಾನ್ಯವಾಗಿ ಸಾಂಪ್ರದಾಯಿಕ ಅಲಗುಗಳು. ವೃತ್ತದೊಳಗೆ ಲಂಗರು ಇದ್ದರೆ ತೊಯೊಕಾವಾ ನೌಕಾ ಶಸ್ತ್ರಾಗಾರದ್ದು. ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲಿ 1933ರಿಂದ 1945ರವರೆಗೆ ಕತ್ತಿ ಮಾಡುವ ಒಂದು ಕಮ್ಮಾರಸಾಲೆಯೇ ನಡೆಯಿತು, ಸುಮಾರು 8,100 ಕತ್ತಿಗಳು ಅಲ್ಲಿ ತಯಾರಾದವು. ಅಲ್ಲಿಯ ಕಮ್ಮಾರರ ಹೆಸರುಗಳು ‘ಯಾಸು’ ಅಂತಲೇ ಶುರು: ಯಾಸುಹಿರೊ, ಯಾಸುತೊಕು, ಯಾಸುಮಿತ್ಸು. ಸಂಗ್ರಾಹಕರು ಇವಕ್ಕೆ ಮುಗಿಬೀಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಹೊಸಬರು ಇಂಥದ್ದರ ಹಿಂದೆ ಓಡುವ ಬದಲು ಎಲ್ಲ ಭಾಗ ಕೂಡಿ ಬರುವ ಒಂದು ಸಾದಾ ಶೋವಾತೊ ಕೊಳ್ಳುವುದು ಮೇಲು. ಕಣ್ಣು ಪಳಗುವುದು ಅಸಲಿ ಕತ್ತಿಯನ್ನು ಮತ್ತೆ ಮತ್ತೆ ನೋಡಿದಾಗಲೇ.

ಒಂದು ಮಾತು ಮರೆಯಬೇಡಿ. ನಕಾಗೊ ತುಕ್ಕನ್ನು ಯಾವತ್ತೂ ಉಜ್ಜಬಾರದು. ಉಜ್ಜಿದರೆ ಕತ್ತಿಯ ವಯಸ್ಸಿನ ಸಾಕ್ಷಿಯೇ ಹೋಯಿತು.

ಅಲಗಿನ ಮೇಲೆ

ಒಂದೇ ಬಲ್ಬ್ ಇರುವ ಕೋಣೆಯಲ್ಲಿ ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಬಾಯಿಯ ಉದ್ದಕ್ಕೂ ‘ಹಾಮೊನ್’ ಎಂಬ ಅಲೆಗೆರೆ ಕಾಣಬೇಕು. ನಿಜವಾಗಿ ಹದ ಹಾಕಿದ್ದಾದರೆ ಗೆರೆಯ ಅಂಚಲ್ಲಿ ಮಂಜಿನಂಥ ಪಟ್ಟಿ ಇರುತ್ತದೆ, ಕೆಲವೊಮ್ಮೆ ಸಣ್ಣ ಹೊಳೆವ ಕಣಗಳು. ಅಲಗು ತಿರುಗಿದಂತೆ ಅದು ಮೂಡಿ ಮರೆಯಾಗುತ್ತದೆ. ಆಸಿಡ್‌ನಲ್ಲಿ ಬರೆದ ಗೆರೆ ಯಾವ ಕೋನದಲ್ಲೂ ಒಂದೇ ಥರ ಬೆಳ್ಳಗೆ ಕಾಣುತ್ತದೆ. ಮಡಚಿ ಬಡಿದ ಉಕ್ಕಿನಲ್ಲಿ ಸೀಳಿದ ಮರದಲ್ಲಿ ಕಾಣುವಂಥ ಎಳೆಗಳಿರುತ್ತವೆ, ಶೋವಾತೊದಲ್ಲಿ ಮೈ ಸಪಾಟು. ಬಾಯಿಗೆ ಅಡ್ಡಲಾಗಿ ಕೂದಲೆಳೆಯ ಬಿರುಕು ಇದೆಯಾ ಅಂತ ಭೂತಗನ್ನಡಿಯಲ್ಲಿ ಹುಡುಕಿ. ಇದ್ದರೆ ಬೆಲೆ ಪಾತಾಳಕ್ಕೆ.

ಹವಾಲ್ದಾರ್ ದರ್ಜೆಯವರ ಕತ್ತಿ ಬೇರೆಯೇ

1935ರ 95ನೇ ಮಾದರಿ ಯಂತ್ರದಲ್ಲಿ ಮಾಡಿ ಸರ್ಕಾರ ಹಂಚಿದ್ದು. ಅಲಗಿನ ಉದ್ದಕ್ಕೂ ಕಾಲುವೆಯಂಥ ತೋಡು ಇರುತ್ತದೆ. ಬಹುಪಾಲು ಹಿಡಿಗಳು ಅಲ್ಯುಮಿನಿಯಂ ಎರಕದವು, ಪಟ್ಟಿ ಸುತ್ತಿದ ಹಾಗೆ ಅಚ್ಚು ಹೊಯ್ದು ಬಣ್ಣ ಬಳಿದವು. ಅವನ್ನು ಬಿಗಿಯಲು ಬಿದಿರಿನ ಬದಲು ಸ್ಕ್ರೂ. ಅಲಗಿನ ಮೇಲೆ ಕ್ರಮಸಂಖ್ಯೆ ಒತ್ತಿರುತ್ತದೆ, ಒರೆಯ ಮೇಲೂ ಅದೇ ಸಂಖ್ಯೆ ಇದ್ದರೆ ಬೆಲೆ ಜಾಸ್ತಿ. ಚೀನಾದ ನಕಲಿಗಳು ಅತಿ ಹೆಚ್ಚು ಇರುವುದು ಇದರಲ್ಲೇ. ಅಂಕಿಗಳು ದಪ್ಪಗೆ, ಸಾಲು ತಪ್ಪಿ ಬಿದ್ದಿದ್ದರೆ, ತೋಡಿನ ಅಂಚು ಒರಟಾಗಿದ್ದರೆ ದೂರ ಇರಿ.

ಕಾಗದ ಪತ್ರ

ಜಪಾನಿನ ನೋಂದಣಿ ಚೀಟಿಯನ್ನು ‘ಅಸಲಿ ಸರ್ಟಿಫಿಕೇಟ್’ ಅಂತ ತೋರಿಸುವವರಿದ್ದಾರೆ. ಅದು ಆ ದೇಶದಲ್ಲಿ ಕತ್ತಿ ಇಟ್ಟುಕೊಳ್ಳಲು ಬೇಕಾದ ದಾಖಲೆ ಅಷ್ಟೇ, ಸಹಿ ನಿಜವೋ ಸುಳ್ಳೋ ಎಂದು ಹೇಳುವುದಿಲ್ಲ. ಆ ತೀರ್ಪು ಕೊಡುವುದರಲ್ಲಿ ಹೆಸರಾದದ್ದು 1948ರಲ್ಲಿ ಶುರುವಾದ ಜಪಾನಿ ಕಲಾ ಖಡ್ಗ ಸಂರಕ್ಷಣಾ ಸಂಘ. ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ ಅಂತ ಅದರ ಕಾಗದಗಳಿಗೆ ದರ್ಜೆಗಳಿವೆ. ಶೋವಾತೊ ಅವರ ವ್ಯಾಪ್ತಿಗೆ ಬರುವುದಿಲ್ಲ. ಅಷ್ಟೇ ಅಲ್ಲ, ಪಾಲಿಶ್‌ಗೆ ಅಂತ ಶೋವಾತೊವನ್ನು ಜಪಾನಿಗೆ ಕಳಿಸಿದರೆ ನೋಂದಣಿ ಸಿಗದೆ ಅಲ್ಲೇ ಜಪ್ತಿಯಾಗಬಹುದು.

ಮನೆಗೆ ತಂದ ಮೇಲೆ

ಅಲಗನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರು ಬಿದ್ದ ಕಡೆ ತುಕ್ಕು ಹಿಡಿಯುತ್ತದೆ. ಮೆತ್ತನೆ ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಜಪಾನಿಯರು ಲವಂಗದ ವಾಸನೆಯ ಎಣ್ಣೆ ಬಳಸುತ್ತಾರೆ. ಉಪ್ಪುಕಾಗದ, ಹಿತ್ತಾಳೆ ಪಾಲಿಶ್, ಗ್ರೈಂಡರ್ ಹತ್ತಿರವೂ ಸುಳಿಯಬಾರದು. ಅಡ್ಡಲಾಗಿ, ಬಾಯಿ ಮೇಲಾಗಿ ಇಡಿ.

ಭಾರತಕ್ಕೆ ತರುವ ಯೋಚನೆ ಇದ್ದರೆ ಕೊಳ್ಳುವ ಮುಂಚೆಯೇ ಕಾನೂನು ನೋಡಿ. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಕತ್ತಿಯೂ ಆಯುಧವೇ, ಹೊರದೇಶದಿಂದ ತರಲು ಲೈಸೆನ್ಸ್ ಬೇಕು. ನಿಮ್ಮ ಜಿಲ್ಲಾಧಿಕಾರಿ ಕಚೇರಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಬರೆದು ಕೇಳಿ, ಉತ್ತರ ಕೈಯಲ್ಲಿರಲಿ.

ಕೆಲವು ಕತ್ತಿಗಳಿಗೆ ಮರದ ಅಥವಾ ಬಟ್ಟೆಯ ಚೀಟಿ ಕಟ್ಟಿರುತ್ತದೆ. ಶರಣಾಗುವಾಗ ಅಧಿಕಾರಿ ತನ್ನ ಹೆಸರು, ಕೆಲವೊಮ್ಮೆ ಊರು ಬರೆದು ಕಟ್ಟಿದ್ದು ಅದು. ದಯವಿಟ್ಟು ಅದನ್ನು ಬೇರೆ ಮಾಡಿ ಮಾರಬೇಡಿ. ಜಪಾನಿ ಓದಬಲ್ಲವರಿಗೆ ಅದರ ಫೋಟೊ ತೋರಿಸಿ. ಮನೆತನ ಪತ್ತೆಯಾಗಿ ಮರಳಿಸುವ ಮನಸ್ಸಾದರೆ ಮೊದಲು ಫೋಟೊ ಮಾತ್ರ ಕಳಿಸಿ. ಅಲಗು ಶೋವಾತೊ ಆಗಿದ್ದರೆ ಆ ಮನೆಯವರಿಗೂ ಅದನ್ನು ಜಪಾನಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಆಗ ಚೀಟಿಯನ್ನೋ ಕುಚ್ಚನ್ನೋ ಕಳಿಸಬಹುದಾ ಅಂತ ಅವರನ್ನೇ ಕೇಳಿ.