ಹವಳದ ದಿಬ್ಬದ ಕೋರ್ ತೆಗೆಯಬೇಕೇ? ಮೊದಲು ಊರ ಕೆರೆಗೆ ಇಳಿಯಿರಿ

ಸಮುದ್ರದ ತಳದಿಂದ ಕೋರ್, ಅಂದರೆ ಪೈಪ್ ಇಳಿಸಿ ಪದರ ಕೆಡದ ಹಾಗೆ ಎತ್ತಿದ ಹೂಳಿನ ಕಂಬ, ತೆಗೆಯುವುದು ಹೇಗೆ ಅಂತ ಶಿವಮೊಗ್ಗ, ಸಾಗರದ ಕಡೆಯ ಭೂವಿಜ್ಞಾನ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿರುತ್ತಾರೆ. ನಾನು ತೀರ್ಥಹಳ್ಳಿ ಕಡೆಯವಳು, ಹವಳದ ದಿಬ್ಬದ ಹೂಳಿನ ಮೇಲೆ ಕೆಲಸ ಮಾಡುವವಳು. ಬೇಸಿಗೆಯಲ್ಲಿ ಸೊಂಟದ ಮಟ್ಟ ನೀರು ಉಳಿದ ಕೆರೆಯಲ್ಲಿ ಮೊದಲು ಕಲಿಯಿರಿ ಅಂತಲೇ ಎಲ್ಲರಿಗೂ ಹೇಳುತ್ತೇನೆ. ಪೈಪ್ ಹೊಡೆದು ಇಳಿಸುವುದು ತೋಳಿನ ಕೆಲಸ. ಅದನ್ನು ಮೇಲೆತ್ತುವ ಮುಂಚೆ ತೆಗೆದುಕೊಳ್ಳುವ ಎರಡು ಅಳತೆ ಇದೆಯಲ್ಲ, ಕೋರ್‌ನ ಬೆಲೆಯೆಲ್ಲ ಅದರಲ್ಲಿದೆ.

ಈ ಕೋರ್ ಯಾಕೆ ಬೇಕು? ಹವಳ ಸತ್ತ ಮೇಲೆ ಅದರ ಕೊಂಬೆಗಳು ಮುರಿದು ಅಲ್ಲೇ ಬೀಳುತ್ತವೆ. ಅವುಗಳ ಜೊತೆಗೆ ಚಿಪ್ಪು, ಹ್ಯಾಲಿಮೀಡ ಅನ್ನುವ ಪಾಚಿಯ ಸುಣ್ಣದ ಬಿಲ್ಲೆಗಳು, ಫೊರಾಮಿನಿಫೆರ ಅನ್ನುವ ಸಣ್ಣ ಜೀವಿಗಳ ಗೂಡು, ಕಡಲ ಮುಳ್ಳುಚೆಂಡಿನ ಮುಳ್ಳು ಸೇರಿ ಪದರದ ಮೇಲೆ ಪದರ ಆಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ನೀರು ಕಾದು ಹವಳ ಬಿಳುಚಿಕೊಂಡಿದ್ದನ್ನು ಜನ ಕಣ್ಣಾರೆ ನೋಡಿದರು. ಅದಕ್ಕೂ ಮುಂಚೆ, ಯಾರೂ ನೋಡದೇ ಇದ್ದ ಕಾಲದಲ್ಲಿ, ಅಲ್ಲಿ ಯಾವ ಹವಳ ಬೆಳೆಯುತ್ತಿತ್ತು? ಹೇಳುವುದು ಹೂಳೇ.

ದೊಡ್ಡ ಮಟ್ಟದಲ್ಲೂ ಇದೇ ಪ್ರಶ್ನೆಗಳು. ದ್ವೀಪ ನಿಧಾನ ಕುಸಿಯುತ್ತಾ ಹೋದಂತೆ ಹವಳ ಅದರ ಮೇಲೆ ಬೆಳೆಯುತ್ತದೆ ಅಂತ ಡಾರ್ವಿನ್ 1842ರಲ್ಲೇ ಬರೆದಿದ್ದ. 1952ರಲ್ಲಿ ಪೆಸಿಫಿಕ್‌ನ ಎನೆವೆಟಾಕ್ ದ್ವೀಪದಲ್ಲಿ 1,200 ಮೀಟರ್‌ಗೂ ಆಳ ಕೊರೆದಾಗ ಸುಣ್ಣದ ಕೆಳಗೆ ಜ್ವಾಲಾಮುಖಿಯ ಕಲ್ಲು ಸಿಕ್ಕಿತು, ಡಾರ್ವಿನ್ ಮಾತಿಗೆ ಸಾಕ್ಷಿಯೂ ಸಿಕ್ಕಿತು. 2005ರಲ್ಲಿ ತಾಹಿಟಿ, 2010ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್, 2023ರಲ್ಲಿ ಹವಾಯಿಯಲ್ಲಿ ಹಡಗಿನಿಂದ ಕೊರೆದರು. ನಾವು ಮಾತಾಡುತ್ತಿರುವುದು ಅಷ್ಟು ದೊಡ್ಡದಲ್ಲ. ಎರಡರಿಂದ ಐದು ಮೀಟರ್ ನೀರಿನಲ್ಲಿ ಇಬ್ಬರು ಮೂವರು ಡೈವರ್‌ಗಳು ಕೈಯಲ್ಲೇ ತೆಗೆಯುವ ಕೋರ್.

ಜಾಗ ಆರಿಸುವುದರಿಂದ ಶುರು ಮಾಡಿ. ಮಲೆನಾಡಿನಲ್ಲಿ ಕೆರೆಯ ಹೂಳು ತೆಗೆದು ಅಡಿಕೆ ತೋಟಕ್ಕೆ ಹಾಕುತ್ತಾರೆ. ಹಾಗೆ ತೆಗೆದ ಕಡೆ ಪದರ ಕಲಸಿ ಹೋಗಿರುತ್ತದೆ. ಊರಿನ ಹಿರಿಯರನ್ನು ಕೇಳಿ: ಎಲ್ಲಿ ತೆಗೆದರು, ಯಾವಾಗ ತೆಗೆದರು. ಪಂಚಾಯ್ತಿಗೂ ಹೇಳಿಯೇ ಇಳಿಯಿರಿ. ದ್ವೀಪದಲ್ಲೂ ಹೀಗೇ. ದೋಣಿ ದಾರಿಗೆ ಲಗೂನ್‌ನಲ್ಲಿ, ಅಂದರೆ ದಿಬ್ಬದ ಒಳಗಿನ ತಗ್ಗು ನೀರಿನಲ್ಲಿ, ಎಲ್ಲಿ ಮರಳು ತೆಗೆದಿದ್ದಾರೆ, ಲಂಗರು ಎಲ್ಲಿ ಹಾಕುತ್ತಾರೆ ಅಂತ ಮೀನುಗಾರರಿಗೆ ಗೊತ್ತು. ದಿಬ್ಬ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಸತ್ತ ತುಂಡು ಎತ್ತುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಬೇಕು. ಬದುಕಿರುವ ಹವಳದ ಮೇಲೆ ಪೈಪ್ ಇಡಲೇಬೇಡಿ. ಕಾಲೂ ತಾಗಬಾರದು. ದಿಬ್ಬದ ಹಿಂಭಾಗದ ಮರಳು, ಚೂರು ತುಂಬಿದ ಜಾಗ ನೋಡಿಕೊಳ್ಳಿ.

ಕೆರೆಗೆ ಎರಡೂವರೆ ಅಥವಾ ಮೂರು ಇಂಚಿನ ಪಿವಿಸಿ ಪೈಪ್ ಸಾಕು. ಕೆಳಗಿನ ಬಾಯಿಯನ್ನು ಅರದಿಂದ ಹೊರಗಡೆಯಿಂದ ಮಾತ್ರ ಚೂಪು ಮಾಡಿ. ಒಳಗಿಂದ ಉಜ್ಜಿದರೆ ಮಣ್ಣು ಒಳಕ್ಕೆ ಒತ್ತಿಕೊಂಡು ಬರುತ್ತದೆ. ಹವಳದ ಹೂಳಿಗೆ ಪಿವಿಸಿ ತಡೆಯುವುದಿಲ್ಲ. ನಮ್ಮ ಕಾಫಿ ತೋಟಗಳ ಸ್ಪ್ರಿಂಕ್ಲರ್ ಪೈಪಿನಂಥ ಅಲ್ಯೂಮಿನಿಯಂ ಪೈಪ್ ಬೇಕು. ಬಾಯಿಗೆ ಗರಗಸದ ಹಾಗೆ ಹಲ್ಲು ಕಡಿದುಕೊಳ್ಳಿ. ತಿರುಗಿಸುತ್ತಾ ಒತ್ತಿದರೆ ಅದು ಕೊಂಬೆಗಳನ್ನು ಕತ್ತರಿಸಿಕೊಂಡು ಇಳಿಯುತ್ತದೆ. ಬಾಯಿಯೊಳಗೆ ತೆಳು ತಗಡಿನ ಬೆರಳುಗಳಿರುವ ಕ್ಯಾಚರ್ ಕೂರಿಸಿ. ಹೂಳು ಒಳಗೆ ಬರುವಾಗ ಬೆರಳು ಬಾಗುತ್ತವೆ, ಎತ್ತುವಾಗ ಮುಚ್ಚಿಕೊಳ್ಳುತ್ತವೆ.

ಮೊದಲು ತೆಳ್ಳಗಿನ ಕಬ್ಬಿಣದ ಸರಳು ಚುಚ್ಚಿ ಹೂಳು ಎಷ್ಟು ದಪ್ಪ ಇದೆ ನೋಡಿ. ಆಮೇಲೆ ಪೈಪನ್ನು ನೆಟ್ಟಗೆ ನಿಲ್ಲಿಸಿ. ತಲೆಯ ಮೇಲೆ ಮರದ ತುಂಡು ಇಟ್ಟು ಕೊಡತಿಯಿಂದ ಹೊಡೆಯಿರಿ. ಪ್ರತಿ 25 ಸೆಂ.ಮೀ.ಗೆ ನಿಲ್ಲಿಸಲೇಬೇಕು. ನನ್ನ ಅಣ್ಣನ ಮಗ ಕೆರೆಯಲ್ಲಿ ಜೊತೆಗಿರುತ್ತಾನೆ. ಕೈ ಬಿಸಿಯಾದ ಮೇಲೆ ಅವನಿಗೆ ನಿಲ್ಲಿಸಲು ಮನಸ್ಸಿಲ್ಲ. "ಅತ್ತೆ, ಇನ್ನೊಂದೆರಡು ಹಾಕಲಾ?" ಅನ್ನುತ್ತಾನೆ. "ಮೊದಲು ಅಳತೆ ಹೇಳು ಮಾರಾಯ" ಅನ್ನುತ್ತೇನೆ.

ಅಳತೆ ಎರಡು. ಪೈಪಿನ ತಲೆಯಿಂದ ಹೊರಗಡೆ ಕೆರೆಯ ತಳದವರೆಗೆ ಒಂದು. ಪೈಪಿನ ತಲೆಯಿಂದ ಒಳಗಡೆ ಹೂಳಿನ ಮೇಲ್ಮೈವರೆಗೆ ಇನ್ನೊಂದು. ಟೇಪಿನ ತುದಿಗೆ ಚೂಪು ತೂಕ ಕಟ್ಟಿದರೆ ಅದು ಕೆಸರಿನಲ್ಲಿ ಹೂತು ಹೋಗುತ್ತದೆ. ತೂತು ಮಾಡಿದ ಚಪ್ಪಟೆ ತಗಡಿನ ಬಿಲ್ಲೆ ಕಟ್ಟಿ.

ಎರಡೂ ಅಳತೆ ಸಮ ಇದ್ದರೆ ಹೂಳು ಕುಗ್ಗದೆ ಒಳಗೆ ಬಂದಿದೆ. ಒಳಗಿನದು ಹೊರಗಿನದಕ್ಕಿಂತ ಸ್ವಲ್ಪ ಸ್ವಲ್ಪವೇ ಜಾಸ್ತಿ ಆಗುತ್ತಿದ್ದರೆ ಹೂಳು ಅದುಮಿಕೊಳ್ಳುತ್ತಿದೆ. ಹೊರಗಿನ ಅಳತೆ ಕಮ್ಮಿ ಆಗುತ್ತಾ ಹೋಗಿ, ಒಳಗಿನದು ಹಾಗೇ ನಿಂತುಬಿಟ್ಟರೆ? ಬಾಯಿಗೆ ಏನೋ ಸಿಕ್ಕಿಕೊಂಡಿದೆ. ಪೈಪ್ ಇಳಿಯುತ್ತಿದೆ, ಹೂಳು ಒಳಗೆ ಬರುತ್ತಿಲ್ಲ. ಹವಳದಲ್ಲಿ ಅಡ್ಡಬಿದ್ದ ಒಂದು ಕೊಂಬೆ ಸಾಕು ಹೀಗಾಗಲು. ಅಲ್ಲಿಗೆ ಆ ಕೋರ್ ಮುಗಿಯಿತು ಅಂದುಕೊಳ್ಳಿ.

ಒಂದು ಲೆಕ್ಕ ನೋಡೋಣ. ಪೈಪ್ 300 ಸೆಂ.ಮೀ. ಹೊರಗಿನ ಅಳತೆ 120, ಅಂದರೆ 180 ಸೆಂ.ಮೀ. ಇಳಿದಿದೆ. ಒಳಗಿನ ಅಳತೆ 147, ಅಂದರೆ ಒಳಗಿರುವ ಹೂಳು 153 ಸೆಂ.ಮೀ. ಕುಗ್ಗಿದ್ದು 27, ಶೇ. 15. ಕೋರ್‌ನಲ್ಲಿ 60ರಲ್ಲಿ ಕಾಣುವ ಪದರ ತಳದಲ್ಲಿ ಇದ್ದದ್ದು ಸುಮಾರು 71 ಸೆಂ.ಮೀ. ಆಳದಲ್ಲಿ. ಇದು ಎಲ್ಲ ಕಡೆ ಒಂದೇ ಸಮ ಕುಗ್ಗಿದೆ ಅಂತ ಹಿಡಿದ ಲೆಕ್ಕ. ನಿಜವಾಗಿ ಮೇಲಿನ ಮೆತ್ತನೆ ಹೂಳು ಜಾಸ್ತಿ ಕುಗ್ಗುತ್ತದೆ. 25 ಸೆಂ.ಮೀ.ಗೊಮ್ಮೆ ಅಳೆಯಿರಿ ಅನ್ನುವುದು ಅದಕ್ಕೇ. ಪೈಪ್ ದಡಕ್ಕೆ ಬಂದ ಮೇಲೆ ಈ ಅಳತೆ ಇನ್ಯಾವ ದಾರಿಯಲ್ಲೂ ಸಿಗುವುದಿಲ್ಲ. ಅಲ್ಲೇ, ನೀರಲ್ಲೇ, ಪೆನ್ಸಿಲ್‌ನಲ್ಲಿ ಬರೆಯಿರಿ. ಸಮುದ್ರದಲ್ಲಾದರೆ ಗಂಟೆಯನ್ನೂ ಬರೆಯಿರಿ, ಉಬ್ಬರ ಇಳಿತ ಕಳೆದು ಆಳ ಸರಿಮಾಡಲು ಬೇಕು.

ಎತ್ತುವಾಗ ಪೈಪಿನ ತುಂಬ ನೀರು ತುಂಬಿಸಿ, ತಲೆಗೆ ರಬ್ಬರ್ ಬಿರಡೆ ಬಿಗಿಯಾಗಿ ಹಾಕಿ. ಒಳಗಿನ ಹೂಳು ಜಾರದಂತೆ ಅದು ಹಿಡಿದುಕೊಳ್ಳುತ್ತದೆ. ಮೆಲ್ಲಗೆ ಅಲ್ಲಾಡಿಸಿ ಸಡಿಲ ಮಾಡಿ, ನೆಟ್ಟಗೆ ಎಳೆಯಿರಿ. ಬರದಿದ್ದರೆ ಮೂರು ಕಂಬ ಕಟ್ಟಿ ಚೈನ್ ಪುಲ್ಲಿ ಹಾಕಿ. ಸಮುದ್ರದಲ್ಲಿ ಗಾಳಿ ತುಂಬುವ ಲಿಫ್ಟ್ ಬ್ಯಾಗ್ ಕಟ್ಟುತ್ತಾರೆ. ಬಾಯಿ ನೀರಿನಿಂದ ಮೇಲೆ ಬರುವ ಮೊದಲೇ ಅದಕ್ಕೆ ಕ್ಯಾಪ್ ಹಾಕಿಬಿಟ್ಟಿರಬೇಕು. ಒಬ್ಬರೇ ಯಾವತ್ತೂ ಇಳಿಯಬೇಡಿ, ಕೆರೆಯಾದರೂ ಸರಿ.

ಆಮೇಲೆ ಪೈಪನ್ನು ಮಲಗಿಸಬೇಡಿ. ಒಳಗಿನ ಹೂಳಿನ ಮೇಲ್ಮೈಗಿಂತ ಸ್ವಲ್ಪ ಮೇಲೆ ಪೈಪಿಗೆ ಸಣ್ಣ ತೂತು ಕೊರೆದು ನೀರು ಇಳಿಸಿ, ಖಾಲಿ ಜಾಗಕ್ಕೆ ಸ್ಪಂಜ್ ತುರುಕಿ. ಮೇಲಿನ ದಿಕ್ಕಿಗೆ ಬಾಣದ ಗುರುತು ಹಾಕಿ. ಕರಾವಳಿಯಿಂದ ಆಗುಂಬೆ ಘಾಟಿ ಹತ್ತಿ ತರುವುದಿದ್ದರೆ ಜೀಪಿನಲ್ಲಿ ನಿಲ್ಲಿಸಿ ಕಟ್ಟಿಯೇ ತನ್ನಿ. ಆ ತಿರುವುಗಳಲ್ಲಿ ಮಲಗಿದ ಮರಳು ಕದಡದೇ ಇರುವುದಿಲ್ಲ.

ಸೀಳುವಾಗ ಪೈಪನ್ನು ಮಾತ್ರ ಎರಡೂ ಬದಿ ಉದ್ದಕ್ಕೆ ಕತ್ತರಿಸಿ, ಹೂಳನ್ನು ತೆಳು ತಂತಿಯಿಂದ ಬಿಡಿಸಿ. ಕೊಂಬೆ ಚೂರು ಜಾಸ್ತಿ ಇದ್ದರೆ ತಂತಿ ಓಡುವುದಿಲ್ಲ. ಹೆಪ್ಪುಗಟ್ಟಿಸಿ ಗರಗಸದಲ್ಲಿ ಸೀಳಬೇಕಾಗುತ್ತದೆ. ಒಂದು ಅರ್ಧ ಮುಟ್ಟದೆ ತಂಪಿನಲ್ಲಿ ಎತ್ತಿಡಿ. ಇನ್ನೊಂದರ ಫೋಟೊ ತೆಗೆದು, 5 ಸೆಂ.ಮೀ.ಗೊಂದು ತುಂಡು ಮಾಡಿ. ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್‌ನ ಒಂದು ಹನಿ ಬಿಟ್ಟು ನೋಡಿ. ಹವಳದ ಮರಳು ಬುಸ್ ಅಂತ ನೊರೆಯುತ್ತದೆ. ನಮ್ಮ ಜಂಬಿಟ್ಟಿಗೆ ನಾಡಿನ ಕೆಸರು, ಬಸವನಹುಳದ ಚಿಪ್ಪು ಇಲ್ಲದಿದ್ದರೆ, ಸುಮ್ನೆ ಇರುತ್ತದೆ. 2 ಮಿ.ಮೀ. ಮತ್ತು 63 ಮೈಕ್ರಾನ್ ಜರಡಿಯಲ್ಲಿ ತೊಳೆದು ಸೋಸಿ. ಕೊಂಬೆ ಹವಳ ಎಷ್ಟು, ಚಿಪ್ಪು ಎಷ್ಟು, ಹ್ಯಾಲಿಮೀಡ ಎಷ್ಟು ಅಂತ ಬೇರೆ ಬೇರೆ ಮಾಡಿ ತೂಕ ಹಾಕಿ.

ವಯಸ್ಸಿಗೆ ಮೇಲಿನ ನೂರು, ನೂರೈವತ್ತು ವರ್ಷದ ಹೂಳಿಗಾದರೆ ಸೀಸ-210 ಅನ್ನುವ ವಿಕಿರಣ ಸೂಸುವ ಸೀಸವನ್ನು ಅಳೆಯುತ್ತಾರೆ, ಅದರ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಬೇಕಾದ ಕಾಲ) ಸುಮಾರು 22 ವರ್ಷ. ಹವಳದ ತುಂಡಿಗೆ ಯುರೇನಿಯಂ-ಥೋರಿಯಂ, ಅಂದರೆ ಒಳಗಿನ ಯುರೇನಿಯಂ ಎಷ್ಟು ಥೋರಿಯಂ ಆಗಿದೆ ಅಂತ ನೋಡಿ ವಯಸ್ಸು ಹೇಳುವ ಲೆಕ್ಕ. ಕೊರೆತ, ಪಾಚಿ ಇಲ್ಲದ, ಅಂಚು ಸವೆಯದ ತುಂಡನ್ನೇ ಆರಿಸಿ. ಹವಳ ಕಟ್ಟುವುದು ಅರಗೊನೈಟ್ ಅನ್ನುವ ಸುಣ್ಣದ ಖನಿಜವನ್ನು. ಎಕ್ಸ್-ರೇ ಪರೀಕ್ಷೆಯಲ್ಲಿ ಅದು ಕ್ಯಾಲ್ಸೈಟ್ ಅನ್ನುವ ಇನ್ನೊಂದು ಸುಣ್ಣದ ಖನಿಜವಾಗಿ ಬದಲಾಗಿದ್ದು ಕಂಡರೆ ಆ ತುಂಡು ಬಿಟ್ಟು ಬೇರೆಯದನ್ನು ಕಳಿಸಿ. ಚೀಟಿಯಲ್ಲಿ ಕೋರ್‌ನೊಳಗಿನ ಆಳ, ಸರಿಮಾಡಿದ ಆಳ ಎರಡನ್ನೂ ಬರೆದು ಕಟ್ಟಿ.