‘ಹ್ಯಾವ್ ಟು’ ಕಲಿಸಲು ನಾನು ಹಿಡಿದ ದಾರಿ

ಗಂಗಾವತಿಯಲ್ಲಿ ಸಂಜೆಯ ಹೊತ್ತು ನಾನು ನಡೆಸುವ ಇಂಗ್ಲಿಷ್ ತರಗತಿಗೆ ಬರುವವರಲ್ಲಿ ರೈಸ್ ಮಿಲ್ಲಿನ ಗುಮಾಸ್ತರು ಮತ್ತು ಪದವಿ ಮುಗಿಸಿ ಕೆಲಸ ಹುಡುಕುತ್ತಿರುವವರೇ ಹೆಚ್ಚು. ಅನಿವಾರ್ಯತೆಯನ್ನು ಹೇಳುವ ಪಾಠವನ್ನು ಬಹಳಷ್ಟು ಪುಸ್ತಕಗಳು ‘ಮಸ್ಟ್’ನಿಂದ ಆರಂಭಿಸುತ್ತವೆ. ನಾನು ಅದನ್ನು ಕೊನೆಗಿಟ್ಟು ‘ಹ್ಯಾವ್ ಟು’ವನ್ನು ಮೊದಲು ತೆಗೆದುಕೊಳ್ಳುತ್ತೇನೆ. ‘ಮಸ್ಟ್’ಗೆ ತನ್ನದೇ ಆದ ಭೂತಕಾಲದ ರೂಪವಿಲ್ಲ; ‘ವಿಲ್’ ಅಥವಾ ‘ಮೇ’ ಮುಂದೆ ಅದು ಕೂರುವುದಿಲ್ಲ. ದಿನನಿತ್ಯದ ಮಾತಿನಲ್ಲಿ ನಿನ್ನೆ ಏನು ಮಾಡಬೇಕಾಯಿತು, ನಾಳೆ ಏನು ಮಾಡಬೇಕಾದೀತು ಎಂಬುದೇ ಹೆಚ್ಚಾಗಿರುವಾಗ, ಕಾಲಕ್ಕೆ ತಕ್ಕಂತೆ ಬದಲಾಗದ ಪದದಿಂದ ಹೊರಡುವುದು ನನಗೆ ಸರಿ ಕಾಣುವುದಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲೇ ಇದೆ. ‘ಬೇಕು’ ಎಂಬುದಕ್ಕೂ ಕಾಲದ ಪ್ರತ್ಯಯಗಳು ನೇರವಾಗಿ ಹತ್ತುವುದಿಲ್ಲ. ‘ಆಗು’ ಸೇರಿದ ಮೇಲೆಯೇ ಅದು ಎಲ್ಲ ಕಾಲಗಳಲ್ಲೂ ಓಡಾಡುತ್ತದೆ. ದಿನವೂ ಬೆಳಿಗ್ಗೆ ಏನು ಕೆಲಸವೆಂದು ಕೇಳಿದಾಗ ಒಬ್ಬರು, “ಕೊಪ್ಪಳಕ್ಕ ಹೋಗಬೇಕಾಗತೈತ್ರಿ ಸರ್” ಎಂದರು. ಆ ಮಾತನ್ನೇ ಹಲಗೆಯ ಮೇಲೆ ಬರೆದು, ಎದುರಿಗೆ ‘ಐ ಹ್ಯಾವ್ ಟು ಗೋ’ ಎಂದು ಬರೆದೆ. ಅದರ ಕೆಳಗೆ ‘ಹೋಗಬೇಕಾಯಿತು’ ಎಂಬುದಕ್ಕೆ ‘ಹ್ಯಾಡ್ ಟು ಗೋ’, ‘ಹೋಗಬೇಕಾಗಬಹುದು’ ಎಂಬುದಕ್ಕೆ ‘ಮೇ ಹ್ಯಾವ್ ಟು ಗೋ’ ಎಂದು ಸಾಲು ಬೆಳೆಸಿದಾಗ ತರಗತಿ ತಾನಾಗಿಯೇ ಮುಂದುವರಿಸಿತು. ಉಚ್ಚಾರಣೆಯಲ್ಲಿ ಇದು ‘ಹ್ಯಾಫ್ ಟು’ ಎಂದು ಕೇಳಿಸುತ್ತದೆಂಬುದನ್ನು ಇದೇ ಹಂತದಲ್ಲಿ ಹೇಳಿಬಿಡುತ್ತೇನೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ‘ಹೋಗಬೇಕಿತ್ತು’ ಎಂಬಲ್ಲಿ. ಅದನ್ನು ‘ಹ್ಯಾಡ್ ಟು ಗೋ’ ಎಂದು ಬರೆದರೆ ಹೋಗಿ ಬಂದೆನೆಂಬ ಅರ್ಥ ಹೊರಡುತ್ತದೆ. ಹೋಗದೆ ಉಳಿದವರು ‘ಶುಡ್ ಹ್ಯಾವ್ ಗಾನ್’ ಎನ್ನಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ತಡೆಗೇಟು ಕೂರಿಸುವುದಕ್ಕಾಗಿ ನೀರನ್ನು ನದಿಗೆ ಬಿಡಬೇಕಾಯಿತು, ಬಿಟ್ಟರು ಕೂಡ. ಆದ್ದರಿಂದ ಅಲ್ಲಿ ‘ಹ್ಯಾಡ್ ಟು’ ನಿಲ್ಲುತ್ತದೆ. ನಮ್ಮ ಭಾಗದವರಿಗೆ ಈ ಉದಾಹರಣೆಯನ್ನು ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಇನ್ನು, ಮುಗಿಯದೆ ಮುಂದುವರಿದಿರುವ ಅನಿವಾರ್ಯತೆ. ಕಾಲುವೆಯ ಕೊನೆ ಭಾಗದ ರೈತರು ಕೆಲವು ವರ್ಷಗಳಿಂದ ರಾತ್ರಿ ಹೊತ್ತು ನೀರು ಹಾಯಿಸಬೇಕಾಗಿ ಬಂದಿದೆ ಎನ್ನುವಲ್ಲಿ ‘ಹ್ಯಾವ್ ಹ್ಯಾಡ್ ಟು’ ಬರುತ್ತದೆ. ಒಂದೇ ಕ್ರಿಯಾಪದ ಎರಡು ಸಲ ಬಂದಿರುವುದನ್ನು ಕಂಡು ವಿದ್ಯಾರ್ಥಿಗಳು ತಪ್ಪೆಂದೇ ಅಳಿಸುತ್ತಾರೆ. ಮೊದಲನೆಯದು ಕಾಲವನ್ನು ಹೊರುತ್ತದೆ, ಎರಡನೆಯದು ಅನಿವಾರ್ಯತೆಯನ್ನು ಹೊರುತ್ತದೆ ಎಂದು ಅಡಿಗೆರೆ ಎಳೆದು ತೋರಿಸುತ್ತೇನೆ. ಸದ್ಯಕ್ಕೆ ಬಂದೊದಗಿರುವ, ತಾತ್ಕಾಲಿಕವಾದ ಒತ್ತಡವಾದರೆ ‘ಆರ್ ಹ್ಯಾವಿಂಗ್ ಟು’ ಸಲ್ಲುತ್ತದೆ. ಕನ್ನಡದ ‘ಹಾಯಿಸಬೇಕಾಗುತ್ತಿದೆ’ ಅದಕ್ಕೆ ಹತ್ತಿರದ್ದು. ಆದರೆ ಪ್ರತಿ ಸೋಮವಾರದ ಮಾಮೂಲಿ ಕೆಲಸಕ್ಕೂ ‘ಹ್ಯಾವಿಂಗ್ ಟು’ ಹಚ್ಚುವ ಚಟ ನಮ್ಮಲ್ಲಿದೆ, ಅದನ್ನು ನಾನು ನಿಷ್ಠುರವಾಗಿ ತಿದ್ದುತ್ತೇನೆ.

‘ಮಸ್ಟ್’ ಬರುವುದು ನಿಷೇಧದ ಪಾಠದಲ್ಲಿ. ‘ಮಸ್ಟ್ ನಾಟ್ ಪೇ’ ಎಂದರೆ ಹಣ ಕಟ್ಟಬಾರದು, ‘ಡೋಂಟ್ ಹ್ಯಾವ್ ಟು ಪೇ’ ಎಂದರೆ ಕಟ್ಟಬೇಕಾಗಿಲ್ಲ. ಲೆಕ್ಕ ಬರೆಯುವ ಗುಮಾಸ್ತರು ಈ ವ್ಯತ್ಯಾಸವನ್ನು ಉಳಿದವರಿಗಿಂತ ಬೇಗ ಹಿಡಿದರು.